ಚೀಲದ ಗೂಟ

ಅಪ್ಪನ ಅಂಗೈಯಲ್ಲಿ ಪೆಟ್ರೋಲಿನ ವಾಸನೆ ಇರುತ್ತಿತ್ತು. ಅವರು ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದರು. ಸಂಜೆ ಮನೆಗೆ ಬಂದವರು ಕೈ ತೊಳೆಯುವ ಮೊದಲು ಬಾಗಿಲ ಹತ್ತಿರ ನಿಲ್ಲುತ್ತಿದ್ದರು, ನನಗಾಗಿ. ನಾನು ಓಡಿಹೋಗಿ ಆ ಅಂಗೈಯೊಳಗೆ ಮೂಗು ಇಡುತ್ತಿದ್ದೆ. ತಣ್ಣಗೆ, ಸ್ವಲ್ಪ ಸಿಹಿಯಾಗಿ, ನೆತ್ತಿಯ ತನಕ ಹತ್ತುವ ವಾಸನೆ. "ನಾಯಿಮರಿ ಥರ ಮೂಸ್ತಾಳೆ ನೋಡು, ಏನು ಹುಚ್ಚೋ ಇವಳಿಗೆ," ಎಂದು ಅಮ್ಮ ಒಳಗಿನಿಂದ ಗೊಣಗುತ್ತಿದ್ದಳು. ಅಪ್ಪ ದಿನವಿಡೀ ನಿಂತು ದಣಿದಿರುತ್ತಿದ್ದರು. ಆದರೂ ನನಗೆ ಸಾಕೆನಿಸುವ ತನಕ ಕೈ ಚಾಚಿಕೊಂಡೇ ಇರುತ್ತಿದ್ದರು.

ಅದಕ್ಕೇ ಇರಬೇಕು, ನಮ್ಮ ಹಳೆಯ ಕಾರಿನೊಳಗೆ ಪೆಟ್ರೋಲ್ ವಾಸನೆ ಬರತೊಡಗಿದಾಗ ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ನನ್ನ ಯಜಮಾನರು ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ಮನೆಯಲ್ಲಿ ಅವರ ವಸ್ತುಗಳೆಲ್ಲ ಒಂದೊಂದಾಗಿ ಬರೀ ವಸ್ತುಗಳಾಗುತ್ತಿದ್ದವು. ಕನ್ನಡಕ ಬರೀ ಕನ್ನಡಕ, ಚಪ್ಪಲಿ ಬರೀ ಚಪ್ಪಲಿ. ಕಾರಿನಲ್ಲಿ ಮಾತ್ರ ಹಾಗಾಗಲಿಲ್ಲ. ನಮ್ಮ ಬೀದಿ ದಾಟಿ ದೊಡ್ಡ ರಸ್ತೆಗೆ ಸೇರುವಷ್ಟರಲ್ಲಿ ಆ ವಾಸನೆ ಮೆಲ್ಲಗೆ ಏಳುತ್ತಿತ್ತು, ಯಾರೋ ಸದ್ದಿಲ್ಲದೆ ಹತ್ತಿ ಪಕ್ಕದಲ್ಲಿ ಕೂತ ಹಾಗೆ. ರಜೆ ಬಂದರೆ ಸಾಕು, ಬಾನೆಟ್ ಎತ್ತಿ ಏನನ್ನಾದರೂ ಕೆದಕುತ್ತಿದ್ದವರು ಅವರು. ಅವರ ಬೆರಳುಗಳಿಗೂ ಇದೇ ವಾಸನೆ ಇತ್ತು. ಇನ್ನೂ ಕಾರಿಲ್ಲದೆ ಸ್ಕೂಟರ್ ಬಿಚ್ಚಿ ಕೂರುತ್ತಿದ್ದ ಕಾಲದಲ್ಲಿ ಅವರು ಮೊದಲ ಸಲ ನನ್ನ ಕೈ ಹಿಡಿದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಮುಖಕ್ಕಿಂತ ಮೊದಲು ಹಿಡಿಸಿದ್ದು ಆ ಬೆರಳುಗಳ ವಾಸನೆ. ಹಾಗಾಗಿ ಸೆಕೆಯಿದ್ದರೂ ಗಾಜು ಏರಿಸಿಕೊಂಡೇ ಕಾರು ಓಡಿಸುತ್ತಿದ್ದೆ.

ಅವರಿಗೆ ಭೂಮಾಪನ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ. ನಾನು ಕಾಲೇಜಿನಲ್ಲಿ ಗ್ರಂಥಪಾಲಕಿ. ಕಾರು ನಮ್ಮ ಮದುವೆಯ ನಂತರ ಬಂದದ್ದು. ಅವರು ಅದಕ್ಕೆ ಮಾಡುತ್ತಿದ್ದ ಉಪಚಾರ ನೋಡಿ ನಾನು ಅದನ್ನು ಸವತಿ ಎಂದೇ ಕರೆಯುತ್ತಿದ್ದೆ. "ಇವತ್ತು ಸವತಿಗೆ ಸ್ನಾನ ಆಯ್ತಾ?" ಎಂದರೆ, "ಆಯ್ತು. ಅವಳು ನಿನ್ನಷ್ಟು ಹೊತ್ತು ತಗೊಳ್ಳಲ್ಲ," ಎನ್ನುತ್ತಿದ್ದರು.

ಕಾರಿನಲ್ಲಿ ಕೂತಾಗ ನನ್ನ ಕೈಚೀಲ ತೂಗುಹಾಕಲು ಒಂದು ಜಾಗವಿತ್ತು. ಇಬ್ಬರ ನಡುವೆ, ಡ್ಯಾಶ್‌ಬೋರ್ಡಿನ ಕೆಳ ಅಂಚಿನಲ್ಲಿ, ಸ್ವಲ್ಪ ಬಾಗಿಕೊಂಡು ಹೊರಗೆ ಬಂದಿದ್ದ ಒಂದು ಕರಿಯ ಗುಂಡಿ. ಅದರ ಮೇಲೆ ಏನೋ ಚಿತ್ರವಿದ್ದದ್ದು ಬರಬರುತ್ತಾ ಸವೆದು ನುಣ್ಣಗಾಗಿತ್ತು. ನನ್ನ ಚೀಲದಲ್ಲಿ ಯಾವಾಗಲೂ ಪುಸ್ತಕಗಳೇ. ಪುಸ್ತಕಗಳನ್ನು ಕಾಲ ಬುಡದಲ್ಲಿ ಇಡುವುದು ನನಗಾಗದು. ಮೊದಲ ದಿನವೇ ಚೀಲವನ್ನು ಆ ಗುಂಡಿಗೆ ಸಿಕ್ಕಿಸಿದೆ. ಅಂದಿನಿಂದ ಅದು ನನ್ನ ಚೀಲದ ಗೂಟ. ಅವರು ಬೇಡವೆನ್ನಲಿಲ್ಲ. ಆದರೆ ಕಾರು ಓಡಿಸುತ್ತಾ ಆಗಾಗ ಕೈ ಚಾಚಿ ನನ್ನ ಚೀಲವನ್ನು ಮುಟ್ಟುವುದು ಅವರಿಗೊಂದು ಚಟವಾಗಿತ್ತು.

"ಏನು ಬೇಕಿತ್ತು?" ಎಂದು ಕೇಳಿದರೆ, "ಏನಿಲ್ಲ. ಇದೆಯಾ ಅಂತ ನೋಡ್ದೆ," ಎನ್ನುತ್ತಿದ್ದರು.

ಕಡೆಯ ದಿನಗಳಲ್ಲಿ ಅವರ ಕಾಲಿಗೆ ಬಲ ಸಾಲದೆ ನಾನೇ ಓಡಿಸುತ್ತಿದ್ದೆ. ನಾನು ಮನೆಗೆ ಬೀಗ ಹಾಕಿ ಬರುವಷ್ಟರಲ್ಲಿ ಅವರು ಪಕ್ಕದ ಸೀಟಿನಿಂದಲೇ ಕೈ ಚಾಚಿ ಕಾರನ್ನು ಸ್ಟಾರ್ಟ್ ಮಾಡಿ ಇಟ್ಟಿರುತ್ತಿದ್ದರು. ಆಗಲೂ ಅಷ್ಟೆ, ದಾರಿಯಲ್ಲಿ ಮಾತು ನಿಂತಾಗ ಆ ಕೈ ಒಮ್ಮೆ ಚೀಲದ ತನಕ ಬಂದು ಹೋಗುತ್ತಿತ್ತು.

ಅವರು ಹೋದ ಮೇಲೂ ನಾನು ಕಾರು ಬಿಡಲಿಲ್ಲ. ಕಾಲೇಜಿನಿಂದ ನಿವೃತ್ತಳಾದ ಮೇಲೆ, ಓಡಾಡಲಾಗದ ಕೆಲವು ಹಿರಿಯರ ಮನೆಗಳಿಗೆ ವಾರಕ್ಕೊಮ್ಮೆ ಪುಸ್ತಕ ಒಯ್ದು ಕೊಡುವ ಕೆಲಸ ಹಚ್ಚಿಕೊಂಡಿದ್ದೆ. ಚೀಲ ಎಂದಿನಂತೆ ಗೂಟಕ್ಕೆ. ಪಕ್ಕದ ಸೀಟು ಈಗ ಖಾಲಿಯಿತ್ತು, ನಿಜ. ಆದರೂ ಅದರ ಮೇಲೆ ಚೀಲ ಇಡಲು ಮನಸ್ಸಾಗಲಿಲ್ಲ.

ಕಾರಿನ ಹೊಗೆ ತಪಾಸಣೆ ಮಾಡಿಸಬೇಕಾದ ಸಮಯ ಬಂತು. ಕೇಂದ್ರದ ಹುಡುಗ ಹಿಂದಿನ ಕೊಳವೆಯೊಳಗೆ ತನ್ನ ಕಡ್ಡಿ ತೂರಿಸಿ, ಕೆಮ್ಮುತ್ತಾ ಎದ್ದು ಬಂದು, "ಅಜ್ಜಿ, ಇದು ಕಾರೋ ಇಟ್ಟಿಗೆ ಗೂಡೋ?" ಎಂದ. ಆಮೇಲೆ ದನಿ ತಗ್ಗಿಸಿ, "ರಿಪೇರಿ ಮಾಡಿಸ್ಕೊಂಡು ಇನ್ನೊಂದ್ಸಲ ಬನ್ನಿ. ಆಗ್ಲೂ ಫೇಲಾದ್ರೆ ರಸ್ತೆಗೆ ಇಳಿಸೋ ಹಾಗಿಲ್ಲ," ಎಂದ. ಪಾಪ, ಸಾಲಿನಲ್ಲಿ ನನ್ನ ಹಿಂದಿದ್ದವರಿಗೆ ಕೇಳಿಸಬಾರದೆಂದು ಬಗ್ಗಿ ಕಿವಿಯಲ್ಲೇ ಹೇಳಿದ.

ಮಗಳು ನನ್ನ ಜೊತೆಗೇ ಇರುವುದು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಸುದ್ದಿ ಕೇಳಿ ಅವಳಿಗೆ ಆಶ್ಚರ್ಯವಾಗಲಿಲ್ಲ.

"ನಿನ್ನನ್ನ ತಬ್ಬಿಕೊಂಡು ಆಮೇಲೆ ಒಲೆ ಹಚ್ಚೋಕೆ ಭಯ ಆಗುತ್ತಮ್ಮ. ಬಟ್ಟೆ, ಕೂದಲು, ಪುಸ್ತಕ, ಎಲ್ಲಾ ಪೆಟ್ರೋಲು. ಆ ಅಜ್ಜ-ಅಜ್ಜಿಯರು ಓದ್ತಾರೋ, ಮೂಸಿ ಮತ್ತೇರಿ ಮಲಗ್ತಾರೋ."

"ಯಾರೂ ದೂರಿಲ್ಲ."

"ನಿನ್ನ ಮುಖ ನೋಡಿ ಯಾರು ದೂರ್ತಾರೆ?" ತಟ್ಟೆ ಒರೆಸುತ್ತಿದ್ದವಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅಮ್ಮ, ಒಂದು ಮಾತು. ಗಾಜು ಏರಿಸ್ಕೊಂಡು ಆ ಹೊಗೇಲಿ ಕೂತ್ಕೋತೀಯ. ನಿನ್ನ ಪುಪ್ಪುಸ ಏನು ಕಬ್ಬಿಣದ್ದಾ? ಎರಡನೇ ಸಲವೂ ಪಾಸಾಗ್ಲಿಲ್ಲ ಅಂದ್ರೆ ಕೊಟ್ಟುಬಿಡೋಣ. ಹಳೇ ಕಾರು ಕೂಡಿಟ್ಟುಕೊಳ್ಳೋರು ಒಬ್ಬರು ಕೇಳಿದ್ದಾರೆ. ಚೆನ್ನಾಗಿ ನೋಡ್ಕೋತಾರೆ."

"ಓಡಿಸ್ತಾರಾ?"

"ಶೆಡ್ಡಲ್ಲಿ ನಿಲ್ಲಿಸ್ತಾರೆ. ಒರೆಸಿ ಇಡ್ತಾರೆ."

ನಾನು ಹೂಂ ಎಂದೆ. ಅವಳು ನನ್ನ ಮೇಲಿನ ಕಾಳಜಿಗೇ ಹೇಳುತ್ತಿದ್ದಾಳೆಂದು ಗೊತ್ತಿತ್ತು. ಆದರೆ ನನ್ನ ಸಂಕಟವನ್ನು ಅವಳಿಗೆ ಬಿಡಿಸಿ ಹೇಳುವುದು ಹೇಗೆ? ಕಾರು ಉಳಿಯಬೇಕಾದರೆ ವಾಸನೆ ಹೋಗಬೇಕು. ವಾಸನೆ ಹೋದ ಕಾರನ್ನು ಉಳಿಸಿಕೊಂಡು ನಾನು ಏನು ಮಾಡಲಿ?

ಆದರೂ ಗ್ಯಾರೇಜಿಗೆ ಹೋದೆ. ಅಲ್ಲಿಯ ಮೆಕ್ಯಾನಿಕ್ ನಮಗೆ ಹಳೆಯ ಪರಿಚಯ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟುಕೊಂಡು ಕೇಳುವುದು ಆತನ ಪದ್ಧತಿ. ಅದನ್ನು ನೋಡಿ ಯಜಮಾನರು ಆತನಿಗೆ ಡಾಕ್ಟ್ರು ಎಂದು ಹೆಸರಿಟ್ಟಿದ್ದರು. ಆತನಿಗೂ ಆ ಹೆಸರು ಇಷ್ಟ. ನಾನು ಇಳಿಯುವುದರೊಳಗೆ ನೆರಳಿಗೊಂದು ಕುರ್ಚಿ ಎಳೆದು ಹಾಕಿ, ಅದರ ಗ್ರೀಸನ್ನು ತಮ್ಮ ಅಂಗಿಯ ತೋಳಿನಿಂದಲೇ ಒರೆಸಿದರು.

"ಏನಂತಾಳಮ್ಮ ಪೇಷೆಂಟು?"

"ಹೊಗೆ ಜಾಸ್ತಿಯಂತೆ."

ಡಾಕ್ಟ್ರು ಹಿಂದಿನ ಕೊಳವೆಯೊಳಗೆ ಬೆರಳಾಡಿಸಿ ತೋರಿಸಿದರು. "ನೋಡಿ, ಕಾಡಿಗೆ. ಬೇಕಿದ್ರೆ ಕಣ್ಣಿಗೆ ಹಚ್ಕೋಬಹುದು." ಆಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಹಲ್ಲು ಕಿತ್ತ ಹಾಗೆ ಒಂದೊಂದಾಗಿ ಬಿಚ್ಚಿ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟರು. ಎಲ್ಲವೂ ಮಸಿಯಂತೆ ಕಪ್ಪು. "ಸರಿಯಾಗಿ ಉರಿದಿದ್ರೆ ಬಿಸ್ಕತ್ತಿನ ಬಣ್ಣ ಇರ್ಬೇಕು. ಕಾರ್ಬ್ಯುರೇಟರ್ ಕೆಲ್ಸ ಏನು? ಗಾಳಿಗೆ ಹದವಾಗಿ ಪೆಟ್ರೋಲ್ ಬೆರೆಸಿ ಒಳಗೆ ಕಳಿಸೋದು. ನಿಮ್ಮವಳಿಗೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಎದುರಿಗೆ ತುಂಬಿದ ತಟ್ಟೆ ಇದೆ, ಉಸಿರಾಡೋಕೆ ಪುರುಸೊತ್ತಿಲ್ಲ."

"ಹಾಗಾದ್ರೆ?"

"ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸ್ತಾಳಾ?"

"ಇಲ್ಲ. ಕೀಲಿ ತಿರುಗಿಸಿದ್ರೆ ಸಾಕು, ಚಳಿಯಲ್ಲೂ."

"ಚೋಕು ಗೀಕು ಎಳೆದು ಹಾಗೇ ಬಿಡ್ತೀರಾ?"

"ನಾನು ಅದನ್ನೆಲ್ಲ ಮುಟ್ಟೋದೇ ಇಲ್ಲ."

ನಾನು ಇದ್ದದ್ದನ್ನೇ ಹೇಳಿದ್ದೆ. ಚೋಕ್ ಎಂಬ ಮಾತು ಕೇಳಿದ್ದೆ. ಅದು ಬಾನೆಟ್ಟಿನ ಅಡಿ ಎಲ್ಲೋ ಇರುವ ಭಾಗವೆಂದು ನನ್ನ ತಿಳುವಳಿಕೆ.

ಕಾರನ್ನು ಅಲ್ಲೇ ಬಿಟ್ಟು ಬಂದೆ. ಮರುದಿನ ನಾನು ಹೋದಾಗ ಡಾಕ್ಟ್ರು ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಗಾಳಿಯ ಫಿಲ್ಟರಿನ ದೂಳು ಕೊಡವಿ, ಎಲ್ಲವನ್ನೂ ಮತ್ತೆ ಜೋಡಿಸಿದ್ದರು. ಕೊನೆಯ ಕೆಲಸ ನನ್ನೆದುರಿಗೇ ಮಾಡಿದರು. ಎಂಜಿನ್ ಓಡುತ್ತಿರುವಾಗ ಒಂದು ಪುಟ್ಟ ತಿರುಪನ್ನು ಕೂದಲೆಳೆಯಷ್ಟು ಒಳಗೆ ತಿರುಗಿಸಿ ಕೇಳುವುದು, ಇನ್ನೊಂದಿಷ್ಟು ತಿರುಗಿಸಿ ಕೇಳುವುದು. ದನಿ ಮೊದಲು ಹಗುರಾಯಿತು, ಏರಿತು, ಆಮೇಲೆ ಒಂದು ಕಡೆ ತೊದಲಿತು. ತೊದಲಿದ ಕೂಡಲೇ ಸ್ವಲ್ಪ ಹಿಂದಕ್ಕೆ. ಹೊಂದಿಕೊಂಡ ಮೇಲೆ ಅದು ನಿದ್ದೆ ಹೋದ ಮಗುವಿನಂತೆ ಒಂದೇ ಸಮನೆ ಉಸಿರಾಡತೊಡಗಿತು. "ಈಗ ಮೂಸಿ ನೋಡಿ," ಎಂದರು.

ಒಳಗೆ ಕೂತು ಉಸಿರೆಳೆದೆ. ಬರೀ ಹಳೆಯ ಸೀಟಿನ ವಾಸನೆ. ಕಾರೂ ಬರೀ ಕಾರಾಗಿತ್ತು.

ಮನೆಯ ಕಡೆ ಹೊರಟೆ. ಸೇತುವೆ ದಾಟಿ, ಕಿತ್ತುಹೋದ ರಸ್ತೆಯಲ್ಲಿ ಎತ್ತಿಹಾಕಿಸಿಕೊಂಡು ಹೋಗುತ್ತಿದ್ದಾಗ ಅದು ಬಂತು. ಮೊದಲು ಇದೆಯೋ ಇಲ್ಲವೋ ಎನ್ನುವಷ್ಟು, ಆಮೇಲೆ ಚೆನ್ನಾಗಿಯೇ. ನನಗೆ ಬೇಸರವಾಗಬೇಕಿತ್ತು. ಆದರೆ ಹೋದ ಜೀವ ಬಂದಂತಾಯಿತು. "ಬಂದ್ರಾ?" ಎಂದು ಬಾಯಿಬಿಟ್ಟು ಕೇಳಿಯೂ ಬಿಟ್ಟೆ.

ತಪಾಸಣೆಗೆ ಹಾಗೇ ಒಯ್ಯುವ ಹಾಗಿರಲಿಲ್ಲ. ಮತ್ತೆ ಗ್ಯಾರೇಜಿಗೆ ಒಯ್ದು ಬಿಟ್ಟೆ. ಡಾಕ್ಟ್ರು ಪೆಟ್ರೋಲನ್ನು ತಡೆದು ಬಿಡುವ ಚಿಕ್ಕ ಸೂಜಿಯನ್ನೂ ಅದರ ಮೇಲಿನ ತೇಲುಬುರುಡೆಯನ್ನೂ ಬದಲಾಯಿಸಿದರು. ತಾವೇ ಓಡಿಸಿಕೊಂಡು ಊರೆಲ್ಲ ಸುತ್ತಿ ಬಂದು ಪ್ಲಗ್ಗು ಬಿಚ್ಚಿ ತೋರಿಸಿದರು. ಬಿಸ್ಕತ್ತಿನ ಬಣ್ಣವೇ. ನಾನು ಮನೆಗೆ ಒಯ್ದರೆ ಮತ್ತದೇ ವಾಸನೆ, ಮತ್ತದೇ ಕಾಡಿಗೆ.

"ನನ್ನ ಮುಂದೆ ಸಾಧು, ನಿಮ್ಮ ಮುಂದೆ ಹೀಗೆ," ಎಂದರು ಡಾಕ್ಟ್ರು, ತಲೆ ಕೆರೆದುಕೊಳ್ಳುತ್ತಾ.

"ಸವತಿ ಅಲ್ವಾ. ನನ್ನ ಕಂಡ್ರೆ ಆಗಲ್ಲ ಅವಳಿಗೆ."

ಡಾಕ್ಟ್ರು ನಕ್ಕರು. ಆದರೆ ಒಳಗೊಳಗೇ ಮುಖಭಂಗವಾದಂತಿತ್ತು. ಮೂರನೆಯ ಸಲ ಪೆಟ್ರೋಲನ್ನು ಎಷ್ಟು ಬಿಗಿ ಮಾಡಿದರೆಂದರೆ ಕಾರು ಗ್ಯಾರೇಜಿನ ಗೇಟು ದಾಟುವುದರೊಳಗೆ ಕೆಮ್ಮಿ ನಿಂತಿತು. ಡಾಕ್ಟ್ರೇ ಇಳಿದು ಮತ್ತೆ ಮೊದಲಿನ ಹಾಗೆ ತಿರುಗಿಸಿದರು. "ಉಪವಾಸ ಕೆಡವಿ ಪಾಸ್ ಮಾಡಿಸೋದು ಬೇಡಮ್ಮ. ವಯಸ್ಸಾದವಳು." ಆಮೇಲೆ ಕೈ ಒರೆಸಿಕೊಳ್ಳುತ್ತಾ ಹೇಳಿದರು, "ಒಂದು ಕೆಲ್ಸ ಮಾಡೋಣ. ಕಾರು ಇಲ್ಲೇ ಇರ್ಲಿ, ತಪಾಸಣೆ ದಿನ ಬೆಳಿಗ್ಗೆ ಬನ್ನಿ. ನೀವು ಓಡಿಸಿ, ನಾನು ಜೊತೆಗೆ ಕೂರ್ತೀನಿ. ನಿಮ್ಮಿಬ್ಬರ ಮಧ್ಯೆ ಏನು ನಡೀತಿದೆ ನೋಡೇಬಿಡೋಣ."

ಆ ಬೆಳಿಗ್ಗೆ ಮಗಳು ಬಾಗಿಲ ತನಕ ಬಂದು, "ಫೇಲಾದ್ರೆ ಅಳಬಾರದು," ಎಂದಳು. ಹಾಗೆ ಹೇಳಿದವಳ ಕಣ್ಣೇ ಒದ್ದೆಯಾಗಿತ್ತು.

ಗ್ಯಾರೇಜಿನಲ್ಲಿ ಡಾಕ್ಟ್ರು ಪಕ್ಕದ ಬಾಗಿಲು ತೆರೆದವರು ನನ್ನ ಮುಖ ನೋಡಿ ತಡೆದರು. ಯಜಮಾನರು ಹೋದ ಮೇಲೆ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ನಾನು ಏನೂ ಹೇಳಿರಲಿಲ್ಲ, ಆದರೂ ಕೇಳಿದರು, "ಹಿಂದೆ ಕೂರ್ಲಾ ಅಮ್ಮ?"

"ಬೇಡ. ಮುಂದೆಯೇ ಬನ್ನಿ."

ಸೀಟಿನ ಮೇಲೆ ಶುಭ್ರವಾದೊಂದು ಪೇಪರು ಹಾಸಿಕೊಂಡು, ಅತಿಥಿಯ ಹಾಗೆ ತುದಿಯಲ್ಲಿ ಕೂತರು. ನಾನು ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಹೊರಟೆ. ಸೇತುವೆಯ ತನಕ ಎಲ್ಲ ಸರಿಯಿತ್ತು. ಕಿತ್ತುಹೋದ ರಸ್ತೆ ಬಂತು. ಕಾರು ಎತ್ತಿ ಕುಕ್ಕಿದಾಗಲೆಲ್ಲ ಚೀಲ ಕುಣಿಯಿತು. ವಾಸನೆ ಮೆಲ್ಲಗೆ ಎದ್ದಿತು. ಡಾಕ್ಟ್ರು ಮಾತು ನಿಲ್ಲಿಸಿ ತಲೆ ವಾಲಿಸಿ ಎಂಜಿನ್ನಿನ ಕಡೆ ಕಿವಿ ಕೊಟ್ಟರು. ನಾನು ರಸ್ತೆಯ ಮೇಲೆ ಕಣ್ಣಿಟ್ಟಿದ್ದೆ.

ಆಗ ಪಕ್ಕದಿಂದ ಒಂದು ಕೈ ಚಾಚಿತು. ನನ್ನ ಚೀಲವನ್ನು ಹೆಬ್ಬೆರಳ ಬುಡದಿಂದ ಒತ್ತಿದಂತೆ ಮಾಡಿ ಹಿಂದೆ ಹೋಯಿತು.

ನಾನು ಬ್ರೇಕ್ ಒತ್ತಿ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದೆ.  ಅದೇ ಕಡೆಯಿಂದ, ಅದೇ ಎತ್ತರದಲ್ಲಿ, ಅದೇ ಥರ ಬಂದು ಹೋದ ಕೈ.

"ಏನಾಯ್ತಮ್ಮ?"

"ಈಗ ನೀವು ಏನು ಮಾಡಿದ್ರಿ?"

"ನಾನಾ? ಚೋಕ್ ಹೊರಗೆ ಬಂದಿತ್ತು. ಒಳಗೆ ತಳ್ಳಿದೆ." ಹಾಗೆಂದವರು ತಾವೇ ಹೇಳಿದ್ದನ್ನು ಕೇಳಿಸಿಕೊಂಡು ತಟ್ಟನೆ ಕಿವಿಗೊಟ್ಟರು. ಎಂಜಿನ್ನಿನ ದನಿ ಹಗುರಾಗಿತ್ತು.

"ಅದು ಚೋಕಾ? ಅದು ನನ್ನ ಚೀಲದ ಗೂಟ."

ಡಾಕ್ಟ್ರು ಚೀಲವನ್ನು ನೋಡಿದರು, ಗುಂಡಿಯನ್ನು ನೋಡಿದರು, ನನ್ನನ್ನು ನೋಡಿದರು. ನಕ್ಕಿದ್ದರೆ ನಾನೇನೂ ಅಂದುಕೊಳ್ಳುತ್ತಿರಲಿಲ್ಲ. ಆತ ನಗಲಿಲ್ಲ.

"ಇದನ್ನ ಎಳೆದ್ರೆ ಗಾಳಿ ಹೋಗೋ ದಾರಿಗೆ ಬಾಗಿಲು ಹಾಕಿದ ಹಾಗೆ," ಎಂದರು ಮೆತ್ತಗೆ. "ಬೆಳಿಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡೋಕೆ ಮಾತ್ರ ಬೇಕು. ಬಿಸಿ ಆದ್ಮೇಲೆ ಒಳಗೆ ತಳ್ಳಿಬಿಡ್ಬೇಕು. ಇದರ ಹಿಡಿತ ಸವೆದಿದೆ. ಈ ಭಾರಕ್ಕೆ, ಗುಂಡಿ ಬಿದ್ದ ರಸ್ತೇಲಿ, ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತೆ. ನೀವು ಮನೆಗೆ ಹೋಗಿ ಹಾಗೇ ನಿಲ್ಲಿಸ್ತೀರಿ. ಮರುದಿನ ಮುಟ್ಟಿದ್ರೆ ಸ್ಟಾರ್ಟ್ ಆಗುತ್ತೆ. ಆಗದೆ ಏನು? ನನ್ನ ಹತ್ರ ಬಿಟ್ಟು ಹೋದ್ರೆ ಬೆಳಿಗ್ಗೆ ನಾನೇ ಎಳೀತೀನಿ, ನಾನೇ ತಳ್ತೀನಿ. ಕೈ ತನ್ನ ಪಾಡಿಗೆ ಮಾಡುತ್ತೆ, ತಲೆಗೆ ಗೊತ್ತೇ ಆಗಲ್ಲ. ನನ್ನ ಡಾಕ್ಟರಿಕೆಗಿಷ್ಟು ಬೆಂಕಿ ಬೀಳ."

"ಅವರೂ ಹೀಗೇ ಮಾಡ್ತಿದ್ರು," ಎಂದೆ. "ಇದೆಯಾ ಅಂತ ನೋಡ್ದೆ, ಅಂತಿದ್ರು."

ಡಾಕ್ಟ್ರು ತಾವು ಹಾಸಿಕೊಂಡಿದ್ದ ಪೇಪರಿನ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಇದ್ದರು.  ಆಮೇಲೆ ಹೇಳಿದರು, "ಒಂದ್ಸಲ ನಾನು ಯಜಮಾನ್ರಿಗೆ ಹೇಳಿದ್ದೆ, ಈ ಚೋಕು ಲೂಸಾಗಿದೆ, ಕೇಬಲ್ ಸಮೇತ ಹೊಸದು ಹಾಕ್ತೀನಿ ಅಂತ. ತಂದೂ ತೋರಿಸಿದ್ದೆ. ಹೊಸದರ ಗುಂಡಿ ಚಿಕ್ಕದು, ನುಣ್ಣಗೆ. ಕೈಯಲ್ಲಿ ತಿರುಗಿಸಿ ನೋಡಿ, ಬೇಡ, ಇದರಲ್ಲಿ ಏನೂ ನಿಲ್ಲಲ್ಲ, ಹಳೇದೇ ಇರ್ಲಿ ಅಂದ್ರು. ಚೋಕಲ್ಲಿ ಏನು ನಿಲ್ಲಬೇಕಪ್ಪ ಇವರಿಗೆ ಅಂತ ನಾನೂ ಕೇಳ್ಲಿಲ್ಲ."

ಲಾರಿಯೊಂದು ಹಾರ್ನ್ ಹಾಕುತ್ತಾ ನಮ್ಮನ್ನು ದಾಟಿಹೋಯಿತು. ನಾನು ಆ ಗುಂಡಿಯನ್ನೇ ನೋಡುತ್ತಿದ್ದೆ. ಚಿತ್ರ ಸವೆದದ್ದು ನನ್ನ ಚೀಲದ ಹಿಡಿಯಿಂದ ಎಂದುಕೊಂಡಿದ್ದೆ. ಹಿಡಿ ತಾಗುವುದು ಗುಂಡಿಯ ಹಿಂದೆ. ಮುಖ ಸವೆಯಬೇಕಾದರೆ ಅದನ್ನು ಹೆಬ್ಬೆರಳು ತಳ್ಳಿರಬೇಕು, ಲೆಕ್ಕವಿಲ್ಲದಷ್ಟು ಸಲ. ಮದುವೆಗಳಿಗೆ ಹೋಗುವಾಗ, ಆಸ್ಪತ್ರೆಗೆ ಹೋಗುವಾಗ, ಜಗಳವಾಡಿ ಮಾತು ಬಿಟ್ಟು ಬಿಗಿದುಕೊಂಡು ಕೂತಿದ್ದಾಗಲೂ. ಚೀಲ ತೆಗಿ ಎಂದು ಒಂದೇ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ.

ಇನ್ನೂ ಒಂದು ವಿಷಯ ಆಗ ಹೊಳೆಯಿತು. ಅವರಿದ್ದಷ್ಟು ಕಾಲ ಈ ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದೇ ಇರಲಿಲ್ಲ. ನಾನು ಗಾಜು ಏರಿಸಿಕೊಂಡು ಇಷ್ಟು ದಿನ ಕಾಪಾಡಿಕೊಂಡದ್ದು ಅವರು ಬಂದ ವಾಸನೆಯನ್ನಲ್ಲ. ಆ ಕೈ ಬಾರದೆ ಇದ್ದುದರ ವಾಸನೆಯನ್ನು.

ಗಾಜು ಇಳಿಸಿದೆ.

"ಪಕ್ಕದ ಬಾಗಿಲಿಗೆ ಒಂದು ಕೊಕ್ಕೆ ಹೊಡೆದುಕೊಡ್ತೀನಿ ಅಮ್ಮ," ಎಂದರು ಡಾಕ್ಟ್ರು. "ಚೀಲ ಅಲ್ಲಿ ತೂಗಿಹಾಕಿ. ಐದು ನಿಮಿಷದ ಕೆಲ್ಸ."

"ಬೇಡ. ಎಷ್ಟು ಹೊತ್ತಿಗೊಮ್ಮೆ ತಳ್ಳಬೇಕು ಹೇಳಿ, ಸಾಕು."

"ಅದಕ್ಕೆ ಹೊತ್ತು ಗೊತ್ತು ಇಲ್ಲಮ್ಮ. ದನಿ ಕೇಳ್ತಾ ಇರ್ಬೇಕು. ಭಾರ ಆಯ್ತು ಅನ್ನಿಸಿದಾಗ ತಳ್ಳಬೇಕು." ಅಂದವರು ಗುಂಡಿಯನ್ನು ತಾವೇ ಎಳೆದು, ತಳ್ಳಿ, ಮತ್ತೆ ಎಳೆದು ಕೇಳಿಸಿದರು. ಎಳೆದಾಗ ಎಂಜಿನ್ ಉಂಡು ಏದುಸಿರು ಬಿಡುವವರಂತೆ. ತಳ್ಳಿದಾಗ ಹಗುರ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಒಬ್ಬರು ಇದನ್ನು ಕೇಳುತ್ತಲೇ ನನ್ನ ಮಾತಿಗೂ ಹೂಂಗುಟ್ಟುತ್ತಿದ್ದರು. ನಾಲ್ಕು ಸಲ ಕೇಳಿದ ಮೇಲೆ ನನಗೂ ತಿಳಿಯಿತು.

ಕೇಂದ್ರದ ತಿರುವಿನಲ್ಲಿ ಡಾಕ್ಟ್ರು ಇಳಿದು, ಹಾಸಿದ್ದ ಪೇಪರನ್ನು ಮಡಿಸಿ ಒಯ್ದರು. ತಪಾಸಣಾ ಕೇಂದ್ರದ ಸಾಲಿನಲ್ಲಿ ನಾನು ಒಬ್ಬಳೇ ಕಾದೆ. ಕಾರು ಒಂದೊಂದು ಹೆಜ್ಜೆ ಮುಂದೆ ಹೋದಾಗಲೂ ಕಿವಿ ಕೊಟ್ಟು, ಬೇಕಾದಾಗ ಕೈ ಚಾಚಿದೆ. ಹೋದ ಸಲದ ಹುಡುಗನೇ ಕಡ್ಡಿ ತೂರಿಸಿದ. ಯಂತ್ರವನ್ನು ಒಮ್ಮೆ ತಟ್ಟಿ ಮತ್ತೆ ನೋಡಿದ.

"ಅಜ್ಜಿ, ಎಂಜಿನ್ ಹೊಸದು ಹಾಕ್ಸಿದ್ರಾ?"

"ಹಳೇದೇ ಮಗ. ಉಸಿರಾಡೋಕೆ ಬಿಟ್ಟಿರಲಿಲ್ಲ ನಾನು."

ಆತ ಪಾಸು ಎಂದು ಮುದ್ರೆ ಒತ್ತಿದ.

ಗೇಟಿನ ಹೊರಗೆ ಮಗಳು ನಿಂತಿದ್ದಳು. ಲ್ಯಾಬಿನಿಂದ ನೇರವಾಗಿ ಬಂದಿದ್ದಾಳೆ, 'ಫೇಲಾದರೆ ಅಳಬಾರದು' ಎಂದವಳು. ನನ್ನ ಮುಖ ನೋಡಿಯೇ ಗೊತ್ತಾಯಿತು. ಪಕ್ಕದ ಬಾಗಿಲು ತೆರೆದು ಕೂತಳು. ಮೂಗರಳಿಸಿದಳು.  ಕೇಂದ್ರದ ಮುಂದಿನ ಹಳ್ಳ ದಿಣ್ಣೆ ದಾಟುತ್ತಿದ್ದಂತೆ ದನಿ ತುಸು ಭಾರವಾಯಿತು. ನಾನು ಕೈ ಚಾಚಿ ಚೀಲದ ಹತ್ತಿರ ಒತ್ತಿದೆ.

"ಅಪ್ಪನೂ ಹೀಗೇ ಮಾಡ್ತಿದ್ರು," ಎಂದಳು. "ಹಿಂದಿನ ಸೀಟಲ್ಲಿ ಕೂತು ನೋಡ್ತಿದ್ದೆ. ನಿನ್ನ ಚೀಲದಿಂದ ಪೆಪ್ಪರಮಿಂಟು ಕದೀತಾರೆ, ನನಗೆ ಮಾತ್ರ ಕೊಡಲ್ಲ ಅಂತ ಎಷ್ಟು ಸಿಟ್ಟಿತ್ತು ಗೊತ್ತಾ."

ನನಗೆ ನಗು ಬಂತು. ನಗುತ್ತಲೇ ಕಣ್ಣು ಮಂಜಾಗಿ ರಸ್ತೆ ಕಾಣದಾಯಿತು. ಒಂದು ಮರದ ನೆರಳಿಗೆ ಕಾರು ನಿಲ್ಲಿಸಿದೆ. ಎಲ್ಲವನ್ನೂ ಹೇಳಿದೆ: ಚೋಕು, ಗೂಟ, ಚಿಕ್ಕ ಗುಂಡಿಯ ಹೊಸ ಕೇಬಲ್ಲು, ಬೇಡ ಎಂದದ್ದು. ಅವಳು ತಲೆ ತಗ್ಗಿಸಿ ಕೇಳಿದಳು. ಗುಂಡಿಯ ನುಣುಪಾದ ಮುಖವನ್ನು ಒಂದೇ ಬೆರಳಿನಿಂದ ಸವರಿದಳು. ಆಮೇಲೆ ಫೋನ್ ತೆಗೆದು ಆ ಹಳೆ ಕಾರಿನವರಿಗೆ, "ಇಲ್ಲ ಸಾರ್, ಕೊಡಲ್ಲ. ಓಡಿಸ್ತಿದ್ದೀವಿ," ಎಂದು ಹೇಳಿ ಇಟ್ಟಳು.

ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅದು ನನಗೇ ನೆನಪಿರಲಿಲ್ಲ. ಅವಳು ತನ್ನ ಕೈಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಚಮಚದ ಹಿಡಿಯನ್ನು ನನ್ನ ಕಡೆ ತಿರುಗಿಸಿ ಮುಂದೆ ಹಿಡಿದಳು. ನಾನು ಕಣ್ಣೊರೆಸಿಕೊಂಡು ತೆಗೆದುಕೊಳ್ಳುವ ತನಕ ಕೈ ಚಾಚಿಕೊಂಡೇ ಇದ್ದಳು.